ದುಡಿಯುವ ಮೈ, ಬದಲಾದ ಮಳೆಗಾಲ

(ಬಳಗದ ವಾರ್ಷಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹವಾಮಾನ ಬದಲಾವಣೆ ಮತ್ತು ನಮ್ಮ ಆರೋಗ್ಯ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ನಾನು ವೈದ್ಯನಲ್ಲ. ನನ್ನ ಓದೆಲ್ಲ ಬೆಳೆಗಳ ರೋಗಕ್ಕೆ ಸಂಬಂಧಿಸಿದ್ದು. ಹಾಗಾಗಿ ಔಷಧಿಯ ಮಾತನ್ನು ವೈದ್ಯರಿಗೇ ಬಿಟ್ಟು, ರೋಗ ಬರುವ ದಾರಿಯ ಬಗ್ಗೆ ಮಾತ್ರ ಮಾತನಾಡುತ್ತೇನೆ.

ಗಿಡದ ರೋಗಶಾಸ್ತ್ರ ಓದುವವರಿಗೆ ಮೊದಲ ಪಾಠದಲ್ಲೇ ಒಂದು ತ್ರಿಕೋನ ಬರೆಸುತ್ತಾರೆ. ಒಂದು ಮೂಲೆಯಲ್ಲಿ ರೋಗಾಣು, ಇನ್ನೊಂದರಲ್ಲಿ ರೋಗಕ್ಕೆ ತುತ್ತಾಗುವ ಗಿಡ, ಮೂರನೆಯದರಲ್ಲಿ ರೋಗಾಣುವಿಗೆ ಹಿತವಾದ ಹವೆ. ಈ ಮೂರೂ ಕೂಡಿದಾಗ ಮಾತ್ರ ರೋಗ. ಅಡಿಕೆ ಮರ ನಿಂತಲ್ಲೇ ನಿಂತಿರುತ್ತದೆ, ಹವೆ ಅದರ ಬಳಿಗೆ ಬರುತ್ತದೆ. ಮನುಷ್ಯರು ಹಾಗಲ್ಲ. ಅವರು ಸೊಪ್ಪಿಗೆ ಹೋಗುತ್ತಾರೆ, ಗದ್ದೆಗೆ ಇಳಿಯುತ್ತಾರೆ, ಮರ ಹತ್ತುತ್ತಾರೆ, ಒಲೆಯ ಮುಂದೆ ಕೂರುತ್ತಾರೆ. ಆದುದರಿಂದ ಮನುಷ್ಯರ ವಿಷಯದಲ್ಲಿ ಆ ಚಿತ್ರಕ್ಕೆ ನಾಲ್ಕನೆಯ ಮೂಲೆಯೊಂದು ಬೇಕೆಂದು ನನಗೆ ಬಹುಕಾಲದಿಂದ ಅನಿಸಿದೆ. ಅದು ದುಡಿಮೆ. ಮಲೆನಾಡಿನಲ್ಲಿ ಹವಾಮಾನದ ಬದಲಾವಣೆ ಮೈಗೆ ತಲುಪುವುದು ಬಹುಮಟ್ಟಿಗೆ ನಾವು ಮಾಡುವ ಕೆಲಸದ ಮೂಲಕ. ಯಾರು ಹೊರಗೆ ದುಡಿಯುತ್ತಾರೋ ಅವರಿಗೆ ಅದು ಮೊದಲು ತಲುಪುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟನ್ನೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ಹವೆಯ ಬಗ್ಗೆ ಎರಡು ಮಾತು. 2024ನೆಯ ಇಸವಿಯಲ್ಲಿ ಭೂಮಿಯ ಸರಾಸರಿ ಉಷ್ಣತೆ ಕೈಗಾರಿಕಾ ಯುಗಕ್ಕೆ ಮೊದಲಿದ್ದುದಕ್ಕಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತೆಂದು ವಿಶ್ವ ಹವಾಮಾನ ಸಂಸ್ಥೆ ಲೆಕ್ಕ ಹಾಕಿದೆ. ಒಂದೂವರೆ ಡಿಗ್ರಿ ಎಂದರೆ ಏನು ಮಹಾ ಎಂದು ಕೇಳುವವರಿದ್ದಾರೆ; ಬೆಳಗಿನಿಂದ ಮಧ್ಯಾಹ್ನಕ್ಕೆ ಹತ್ತು ಡಿಗ್ರಿ ಏರುವುದನ್ನು ನಾವು ದಿನವೂ ನೋಡುವುದಿಲ್ಲವೇ ಎನ್ನುತ್ತಾರೆ. ಆದರೆ ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಹೆಚ್ಚು ನೀರಾವಿ ಹೊತ್ತ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿದಾಗ ಒಮ್ಮೆಲೇ ಸುರಿಸುತ್ತದೆ. ಸುರಿಸದೇ ಇದ್ದಾಗ ಸೆಕೆಯಾಗಿ ನಮ್ಮ ಮೈಗಂಟಿ ನಿಲ್ಲುತ್ತದೆ. ವರ್ಷದ ಒಟ್ಟು ಮಳೆಯ ಅಂಕಿಯನ್ನಷ್ಟೇ ನೋಡಿದರೆ ಇದು ಕಾಣುವುದಿಲ್ಲ. 2021ರ ನವೆಂಬರಿನಲ್ಲಿ, ಕೊಯ್ಲಿನ ನಡುವೆ, ರಾಜ್ಯದಲ್ಲಿ ಸುರಿದ ಅಕಾಲಿಕ ಮಳೆಯನ್ನು ನೆನಪಿಸಿಕೊಳ್ಳಿ. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಆಗಿತ್ತು. ಆ ವರ್ಷ ನಮ್ಮ ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮರುವರ್ಷ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು, 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದವು. ಹನ್ನೊಂದು ತಿಂಗಳ ಅಂತರದಲ್ಲಿ ಬರ ಮತ್ತು ಪ್ರಳಯ. ನಮ್ಮ ಕೃಷಿ ಪಂಚಾಂಗ ಇಂತಹ ವರ್ಷಗಳಿಗಾಗಿ ರೂಪುಗೊಂಡದ್ದಲ್ಲ.

ಈಗ ನಮ್ಮದೇ ಆದ ಕಾಯಿಲೆಗೆ ಬರೋಣ. ಮಂಗನ ಕಾಯಿಲೆ ಲೋಕಕ್ಕೆ ಪರಿಚಯವಾದದ್ದೇ ನಮ್ಮ ಊರಿನ ಹೆಸರಿನಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಯತೊಡಗಿದವು, ಸುತ್ತಲಿನ ಊರುಗಳಲ್ಲಿ ಜ್ವರ ಹಬ್ಬಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆಯವರು, ಬಂದು ಇದು ಹೊಸ ವೈರಾಣುವೆಂದೂ ಉಣುಗುಗಳ ಮೂಲಕ ಹರಡುತ್ತದೆಯೆಂದೂ ಕಂಡುಹಿಡಿದರು. ಹೆಸರು ಮಂಗನದಾದರೂ ಮಂಗ ಇಲ್ಲಿ ನಮ್ಮಂತೆಯೇ ಬಲಿಪಶು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ರೋಗಿಯ ಮನೆಗೆ ಹೋಗಲು ಹೆದರುವವರು ಇದನ್ನು ಗಮನಿಸಬೇಕು.

ಉಣುಗಿನ ಬಾಳನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಅದು ನಮ್ಮ ದುಡಿಮೆಯ ಪಂಚಾಂಗಕ್ಕೆ ಹೆಣೆದುಕೊಂಡಿದೆ. ಬೆಳೆದ ಉಣುಗು ಮಳೆಗಾಲದಲ್ಲಿ ದನದಂತಹ ದೊಡ್ಡ ಪ್ರಾಣಿಗಳ ರಕ್ತ ಹೀರಿ, ಉದುರಿ, ತರಗೆಲೆಯ ಕೆಳಗೆ ಮೊಟ್ಟೆಯಿಡುತ್ತದೆ. ಮಳೆ ಕಡಿಮೆಯಾಗುವ ಹೊತ್ತಿಗೆ ಮರಿಗಳು ಹೊರಬಂದು ಇಲಿ, ಹೆಗ್ಗಣ, ಹಕ್ಕಿಗಳನ್ನು ಹಿಡಿಯುತ್ತವೆ. ಮುಂದಿನದು ನಿಂಫ್ ಎಂಬ ಎಳೆಯ ಹಂತ, ಎಳ್ಳಿನಷ್ಟು ಸಣ್ಣದು. ನಮ್ಮನ್ನು ಹೆಚ್ಚಾಗಿ ಕಚ್ಚುವುದು ಇದೇ. ಇದರ ಕಾಲ ಸುಮಾರಾಗಿ ನವೆಂಬರಿನಿಂದ ಮೇ ತಿಂಗಳವರೆಗೆ. ಈ ತಿಂಗಳುಗಳಲ್ಲಿ ನಾವೇನು ಮಾಡುತ್ತಿರುತ್ತೇವೆ? ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುತ್ತೇವೆ. ಕಟ್ಟಿಗೆ ತರುತ್ತೇವೆ. ದನ ಬಿಡುತ್ತೇವೆ. ಉಣುಗು ಮತ್ತು ನಾವು ಒಂದೇ ತರಗೆಲೆಯ ಮೇಲೆ ಒಂದೇ ಕಾಲದಲ್ಲಿ ಇರುತ್ತೇವೆ. ದರಕು ಗುಡಿಸುವವರು ಬಹುಪಾಲು ಹೆಂಗಸರು. ಅದೂ ಸ್ವಂತ ತೋಟವಿಲ್ಲದ ಹೆಂಗಸರು. ಬುಟ್ಟಿ ತಲೆಯ ಮೇಲೆ, ತರಗೆಲೆ ಕೊರಳಿನವರೆಗೆ.

ಇಲ್ಲೊಂದು ಎಚ್ಚರಿಕೆಯ ಮಾತು ಹೇಳಬೇಕು. ಈಚೆಗೆ ಎಲ್ಲವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವ ರೂಢಿ ಬಂದಿದೆ. ಅಧಿಕಾರಿಗಳಿಗೂ ಅದು ಅನುಕೂಲ, ಆಕಾಶದ ಮೇಲೆ ಹೊಣೆ ಹೊರಿಸಿದರೆ ಕಡತ ಮುಚ್ಚಬಹುದು. ಮಂಗನ ಕಾಯಿಲೆ 1957ರಲ್ಲಿ ಕಾಣಿಸಿಕೊಂಡದ್ದಕ್ಕೆ ಬಿಸಿಲೇರಿದ ಭೂಮಿ ಕಾರಣವಲ್ಲ. ಕಾಡು ಕಡಿದು, ಕಾಡಂಚಿನಲ್ಲಿ ಗದ್ದೆ ಮಾಡಿ, ದನಗಳು ಒಳಗೆ ಹೊಕ್ಕು ಉಣುಗು ಹೆಚ್ಚಿದ್ದೇ ಕಾರಣವಿರಬೇಕೆಂದು ಬೋಶೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದರು. ಮುಂದಿನ ಅಧ್ಯಯನಗಳೂ ಕಾಡು, ತೋಟ, ಗದ್ದೆಗಳು ತೇಪೆ ತೇಪೆಯಾಗಿ ಸೇರಿರುವಲ್ಲಿ ಅಪಾಯ ಹೆಚ್ಚೆಂದು ತೋರಿಸಿವೆ. ದಶಕಗಳ ಕಾಲ ಶಿವಮೊಗ್ಗ, ಉತ್ತರ ಕನ್ನಡ ಮತ್ತು ನೆರೆಯ ಜಿಲ್ಲೆಗಳಲ್ಲೇ ಇದ್ದ ಕಾಯಿಲೆ 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿ ಕಾಣಿಸಿದೆ. ಇದರಲ್ಲಿ ಹವೆಯ ಪಾಲೆಷ್ಟು, ಕಾಡಿನ ಪಾಲೆಷ್ಟು ಎಂದು ತಕ್ಕಡಿಯಲ್ಲಿ ತೂಗಿ ಹೇಳಲಾಗದು.

ಹಾಗಾದರೆ ಹವೆಗೇನು ಸಂಬಂಧ? ಉಣುಗಿಗೆ ಬೇಕಾದದ್ದು ತರಗೆಲೆಯ ಕೆಳಗಿನ ಪಸೆ ಮತ್ತು ಬೆಚ್ಚಗೆ. ಮಳೆ ನಿಲ್ಲುವ ದಿನ, ಇಬ್ಬನಿ ಬೀಳುವ ದಿನ, ಮೊದಲ ಬೇಸಿಗೆ ಮಳೆಯ ದಿನ, ಇವೆಲ್ಲ ಹಿಂದೆ ಮುಂದಾದಾಗ ಅದರ ಬಾಳೂ ಹಿಂದೆ ಮುಂದಾಗುತ್ತದೆ. ನಮ್ಮ ಎಚ್ಚರಿಕೆ ಮಾತ್ರ ತಿಂಗಳ ಹೆಸರಿಗೆ ಕಟ್ಟಿಬಿದ್ದಿದೆ. ಡಿಸೆಂಬರ್ ಬಂದರೆ ಕರಪತ್ರ, ಜೂನ್ ಬಂದರೆ ಮರೆವು. ಕಾಯಿಲೆಯ ಕಾಲ ತಿಂಗಳನ್ನು ಮೀರಿದ ವರ್ಷ ಮೊದಲು ಬಿದ್ದವರಿಗೆ ಅದು ಮಂಗನ ಕಾಯಿಲೆಯೆಂದು ಯಾರೂ ಶಂಕಿಸುವುದಿಲ್ಲ.

ಶಂಕಿಸದೇ ಇರುವುದಕ್ಕೆ ಬೆಲೆ ದೊಡ್ಡದು. ಈ ಕಾಯಿಲೆಗೆ ತುತ್ತಾದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಾಣುವನ್ನೇ ಕೊಲ್ಲುವ ಔಷಧಿಯಿಲ್ಲ. ಬೇಗ ಗುರುತಿಸಿ, ನೀರಿನಂಶ ಕಾಪಾಡಿ, ರಕ್ತಸ್ರಾವದ ಮೇಲೆ ಕಣ್ಣಿಟ್ಟು ಉಳಿಸಿಕೊಳ್ಳಬೇಕು. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮರುಕಳಿಸಿ ಮಿದುಳಿಗೆ ತಾಗುತ್ತದೆ. 2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಿನಲ್ಲಿ ಏನಾಯಿತೆಂಬುದನ್ನು ಇಲ್ಲಿ ಕುಳಿತ ಅನೇಕರಿಗೆ ನಾನು ಹೇಳಬೇಕಾಗಿಲ್ಲ. 2024ರಲ್ಲಿ ಸಿದ್ಧಾಪುರ ತಾಲೂಕಿನಲ್ಲಿ ಮತ್ತೆ ಸಾವುಗಳಾದವು. 1990ರಿಂದ ಕೊಡುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಂತುಹೋಯಿತು. ಹೊಸ ಲಸಿಕೆಯ ಪ್ರಯತ್ನವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಅರವತ್ತು ವರ್ಷ ದಾಟಿದ ಕಾಯಿಲೆಗೆ ನಂಬಬಹುದಾದ ಲಸಿಕೆಯಿಲ್ಲದೆ ಕೆಲವು ಹಂಗಾಮುಗಳು ಕಳೆದುಹೋದವು. ನಗರದಲ್ಲಿ ಹುಟ್ಟಿದ ಕಾಯಿಲೆಯಾಗಿದ್ದರೆ ಹೀಗಾಗುತ್ತಿತ್ತೇ ಎಂದು ಕೇಳುವುದು ನಮ್ಮ ಹಕ್ಕು.

ಉಳಿದಿರುವುದು ದುಡಿಮೆಯ ಕ್ರಮವನ್ನು ಬದಲಿಸುವುದು. ಕಾಡಿಗೆ ಹೋಗುವ ಮುನ್ನ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳುವುದು, ಮೈಮುಚ್ಚುವ ಬಟ್ಟೆ ತೊಡುವುದು, ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಮಿಂದು ಬಟ್ಟೆ ಬಿಸಿನೀರಿಗೆ ಹಾಕುವುದು. ಉಣುಗನ್ನು ಬೆರಳಲ್ಲಿ ಹಿಚುಕಬಾರದು. ಸತ್ತ ಮಂಗನ ಬಳಿ ಹೋಗಬಾರದು. ಹೆಣ ತಣ್ಣಗಾದಂತೆ ಉಣುಗುಗಳು ಅದನ್ನು ಬಿಟ್ಟು ಸುತ್ತಲೂ ಹರಡುತ್ತವೆ, ಆರೋಗ್ಯ ಕೇಂದ್ರಕ್ಕೂ ಗ್ರಾಮ ಪಂಚಾಯತಿಗೂ ತಿಳಿಸಬೇಕು. ಮಂಗ ಸತ್ತ ಬೆಟ್ಟದಲ್ಲಿ ಆ ವರ್ಷ ದರಕು ಬೇಡ. ಈ ಮಾತು ಹೇಳಿದಾಗಲೆಲ್ಲ ಕೊಟ್ಟಿಗೆಗೆ ಏನು ಹಾಕುವುದು, ಗೊಬ್ಬರ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಬರುತ್ತದೆ, ನ್ಯಾಯವಾದ ಪ್ರಶ್ನೆ. ಒಣಹುಲ್ಲು, ತೋಟದ್ದೇ ಸೋಗೆ ಕತ್ತರಿಸಿ ಹಾಕುವುದು ಒಂದು ಹಂಗಾಮಿಗೆ ಸಾಲುತ್ತದೆ. ಬೆಳೆಯ ದೃಷ್ಟಿಯಿಂದ ನಾನು ಧೈರ್ಯವಾಗಿ ಹೇಳಬಲ್ಲೆ: ಒಂದು ವರ್ಷ ದರಕು ತಪ್ಪಿದರೆ ಅಡಿಕೆ ಮರ ಸಾಯುವುದಿಲ್ಲ.

ಇನ್ನು ನನ್ನ ವಿಷಯಕ್ಕೆ ಹತ್ತಿರವಾದ ಇನ್ನೊಂದು ದುಡಿಮೆ, ಕೊಳೆ ಔಷಧಿ ಹೊಡೆಯುವುದು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆಗೆ ಮೊದಲು ಒಮ್ಮೆ, 40-45 ದಿನಕ್ಕೆ ಇನ್ನೊಮ್ಮೆ. ಒಂದು ನೂರು ವರ್ಷ ಇದು ನಮ್ಮ ತೋಟಗಳನ್ನು ಕಾಪಾಡಿದೆ. ಈಗ ಮಳೆ ಬಿಡುವು ಕೊಡದೆ ಹೊಡೆದರೆ ಔಷಧಿ ತೊಳೆದುಹೋಗುತ್ತದೆ, ಸೆಪ್ಟೆಂಬರ್ ಅಕ್ಟೋಬರಿನಲ್ಲೂ ಬಿಡದೆ ಸುರಿದರೆ ಮೂರನೆಯದು, ಕೆಲವೆಡೆ ನಾಲ್ಕನೆಯದು. ಇದರ ಜೊತೆಗೆ ಕೆಲವು ವರ್ಷಗಳಿಂದ ಕಳಸ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರ ಭಾಗದಲ್ಲಿ ಎಲೆಚುಕ್ಕೆ ರೋಗ ವ್ಯಾಪಿಸಿದೆ. ಅದಕ್ಕೆ ಪ್ರೊಪಿಕೊನಜೋಲ್, ಟೆಬುಕೊನಜೋಲ್‌ನಂತಹ ಬೇರೆ ಶಿಲೀಂಧ್ರನಾಶಕಗಳು. ಹೀಗೆ ಹವೆ ಬದಲಾದದ್ದರ ಫಲವಾಗಿ ಒಬ್ಬ ಮನುಷ್ಯ ವರ್ಷದಲ್ಲಿ ಔಷಧಿಯ ಮಂಜಿನ ಕೆಳಗೆ ನಿಲ್ಲುವ ದಿನಗಳು ಏರುತ್ತವೆ. ಅರವತ್ತು ಅಡಿ ಎತ್ತರದ ಗೊನೆಗೆ ಹೊಡೆದದ್ದರಲ್ಲಿ ಎಷ್ಟು ಭಾಗ ಕೆಳಗಿನವನ ತಲೆ, ಮುಖ, ಉಸಿರಿಗೆ ಇಳಿಯುತ್ತದೆಂದು ತೋಟದಲ್ಲಿ ನಿಂತು ನೋಡಿದವರೆಲ್ಲರಿಗೂ ಗೊತ್ತು.

ಬೋರ್ಡೋ ಸಾವಯವದವರೂ ಒಪ್ಪುವ ಔಷಧಿ, ಅದರಿಂದ ಏನೂ ಆಗದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 1969ರಲ್ಲಿ ಪೋರ್ಚುಗಲ್ ದೇಶದ ವೈದ್ಯರು ದ್ರಾಕ್ಷಿತೋಟಗಳಲ್ಲಿ ಇದೇ ದ್ರಾವಣವನ್ನು ವರ್ಷಗಟ್ಟಲೆ ಹೊಡೆದವರ ಶ್ವಾಸಕೋಶಗಳಲ್ಲಿ ತಾಮ್ರ ಸೇರಿ ಗಂಟುಗಳಾಗಿ, ಅಂಗಾಂಶ ಗಡುಸಾಗಿ ಹೋದದ್ದನ್ನು ದಾಖಲಿಸಿದರು. ದ್ರಾಕ್ಷಿತೋಟದ ಸಿಂಪರಣೆಗಾರರ ಶ್ವಾಸಕೋಶ ಎಂದೇ ಆ ಕಾಯಿಲೆಗೆ ಹೆಸರು. ಕ್ಷಯವೆಂದು ತಪ್ಪಾಗಿ ತಿಳಿಯಬಹುದಾದ ಕಾಯಿಲೆ ಅದು. ದ್ರಾಕ್ಷಿ ಬಳ್ಳಿ ಎದೆಯೆತ್ತರದ್ದು. ನಮ್ಮದು ತಲೆಯ ಮೇಲಿನ ಬೆಳೆ. ಬಹುಕಾಲ ಔಷಧಿ ಹೊಡೆದವರಿಗೆ ಕೆಮ್ಮು, ಉಬ್ಬಸ ಕಂಡರೆ ಬೀಡಿಯ ಮೇಲೆ ಮಾತ್ರ ಹೊಣೆ ಹೊರಿಸದೆ, ತಾವು ಯಾವ ಕೆಲಸ ಮಾಡುತ್ತೇವೆಂಬುದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.

ತೋಟದ ಒಡೆಯರಿಗೆ ನೇರವಾಗಿ ಒಂದು ಮಾತು, ನಾನೂ ಅವರಲ್ಲೊಬ್ಬ. ಕೊನೆಗೌಡರಿಗೆ ದಿನಗೂಲಿ ಏರಿಸಿದ್ದೇವೆ, ನಿಜ. ಆಳು ಸಿಗದ ಕಾರಣಕ್ಕೆ ಏರಿಸಿದ್ದೇವೆ, ಪ್ರೀತಿಯಿಂದಲ್ಲ. ಮುಖಗವಸು, ಕಣ್ಣಿಗೆ ಕನ್ನಡಕ, ಕೈಗವಸು, ಕೈ ತೊಳೆಯಲು ಸೋಪು, ಬದಲಿಸಲು ಒಣ ಬಟ್ಟೆ, ಇವನ್ನು ತೋಟದ ಮನೆಯಲ್ಲಿ ಇಟ್ಟಿರುವವರು ಎಷ್ಟು ಮಂದಿ? ಮೈಲುತುತ್ತ ಹತ್ತಿದ ಕೈಯಲ್ಲೇ ಎಲೆಯಡಿಕೆ ಹಾಕಿಕೊಳ್ಳುವುದನ್ನು ನಾವು ನೋಡಿಯೂ ನೋಡದವರಂತೆ ಇರುತ್ತೇವೆ. ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದವರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಈಗ ನೆಲದಲ್ಲೇ ನಿಂತು ಹೊಡೆಯುವ ಫೈಬರ್ ದೋಟಿ ಬಂದಿದೆ, ಬೆಲೆ ಹೆಚ್ಚು. ನಾಲ್ಕು ಮನೆ ಸೇರಿ ಕೊಳ್ಳಬಹುದು. ಸಿಂಪರಣೆಯನ್ನೇ ಕಡಿಮೆ ಮಾಡಲು ಹಿರಿಯರ ಕೊಟ್ಟೆ ಕಟ್ಟುವ ಪದ್ಧತಿಯಿದೆ. ಎಲ್ಲ ತೋಟಕ್ಕೂ ಆಗದು, ಆದರೆ ಹಳ್ಳದ ಬದಿಯ, ಬಿಸಿಲು ಕಾಣದ, ಪ್ರತಿ ವರ್ಷ ಕೊಳೆ ಮೊದಲು ಹತ್ತುವ ಮರಗಳಿಗಾದರೂ ಕಟ್ಟಿಸಿದರೆ ಮೂರನೆಯ ಸುತ್ತು ಅನೇಕ ವರ್ಷ ತಪ್ಪೀತು. ಬಸಿಗಾಲುವೆ ಸರಿಯಿಟ್ಟುಕೊಳ್ಳುವುದೂ ಆರೋಗ್ಯ ರಕ್ಷಣೆಯೇ.

ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಹೆಂಗಸರ ಮೇಲೆ ಬೀಳುವ ಹೊರೆ ಬೇರೆ. ಬೇಯಿಸಿದ ಅಡಿಕೆ ಬಿಸಿಲು ಕಾಣದೆ ಬೂಸಲು ಹಿಡಿಯುತ್ತದೆಂದು ಮನೆಯೊಳಗೆ, ಅಟ್ಟದಲ್ಲಿ ಬೆಂಕಿ ಹಾಕಿ ಒಣಗಿಸುತ್ತೇವೆ. ಹಗಲಿರುಳು ಆ ಹೊಗೆಯಲ್ಲಿರುವವರು ಯಾರೆಂದು ಹೇಳಬೇಕೆ? ಹೊಗೆಗೂಡು ಇಲ್ಲದ ಒಣಗುಮನೆಯನ್ನು ಯಾರೂ ಕಟ್ಟಬಾರದು.

ಸೆಕೆಯ ವಿಷಯ. ಮಲೆನಾಡಿಗೆ ಸೆಕೆಯ ಭಯವೇ ಎಂದು ನಗುವವರಿದ್ದರು. ಈಗ ನಗು ಕಡಿಮೆಯಾಗಿದೆ. 2023ರ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣತೆ 1901ರಿಂದ ಅಲ್ಲಿಯವರೆಗಿನ ಯಾವ ಫೆಬ್ರವರಿಗಿಂತಲೂ ಹೆಚ್ಚಿತ್ತು. ಶಿವರಾತ್ರಿಗೆ ಮೊದಲೇ ಬೇಸಿಗೆ. ನಮ್ಮ ಮೈ ತಣ್ಣಗಾಗುವುದು ಬೆವರು ಆರುವುದರಿಂದ. ಗಾಳಿಯಲ್ಲಿ ಪಸೆ ತುಂಬಿದ್ದರೆ ಬೆವರು ಸುರಿಯುತ್ತದೆ, ಆರುವುದಿಲ್ಲ. ಆದುದರಿಂದ ಬಯಲುಸೀಮೆಯ 40 ಡಿಗ್ರಿಗಿಂತ ಘಟ್ಟದ ಬುಡದ 35 ಡಿಗ್ರಿ ಕೆಲವೊಮ್ಮೆ ಹೆಚ್ಚು ಅಪಾಯಕಾರಿ. ಇದನ್ನು ಅಳೆಯಲು ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಬಳಸುತ್ತಾರೆ. ಅದರಲ್ಲಿ 35 ಡಿಗ್ರಿ ತೋರಿದರೆ ಆರೋಗ್ಯವಂತರೂ ಹೆಚ್ಚು ಹೊತ್ತು ಬದುಕುಳಿಯಲಾರರೆಂಬುದು ಹಳೆಯ ಲೆಕ್ಕ. 2022ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಯುವಕರ ಮೈಯೂ ಸುಮಾರು 31 ಡಿಗ್ರಿಯಲ್ಲೇ, ಅದೂ ಹಗುರ ಚಟುವಟಿಕೆಯಲ್ಲೇ, ತಾಪ ನಿಭಾಯಿಸಲಾರದೆ ಹೋಯಿತು. ಅಗತೆ ಮಾಡುವವರು, ಏಣಿಯ ಮೇಲೆ ನಿಂತು ಕಾಳುಮೆಣಸು ಕೊಯ್ಯುವವರು, ರಸ್ತೆಗೆ ಜಲ್ಲಿ ಹಾಕುವವರು ಮಾಡುವುದು ಹಗುರ ಕೆಲಸವಲ್ಲ.

ದಿನವೂ ಬೆವರಿಳಿದು ನೀರು ಸಾಲದಿದ್ದರೆ ಪೆಟ್ಟು ಮೂತ್ರಪಿಂಡಕ್ಕೆ. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇಲ್ಲದ ಯುವ ಕೂಲಿಗಳ ಮೂತ್ರಪಿಂಡಗಳು ಕೆಟ್ಟುಹೋದವು. ಅಲ್ಲಿ ಕಬ್ಬು ಕಡಿಯುವವರಿಗೆ ನೀರು, ವಿಶ್ರಾಂತಿ, ನೆರಳು ಎಂಬ ಮೂರನ್ನು ಕ್ರಮವಾಗಿ ಕೊಟ್ಟು ನೋಡಿದಾಗ ಹಾನಿ ಇಳಿಯಿತು. ದುಬಾರಿ ಯಂತ್ರವೇನೂ ಬೇಕಾಗಲಿಲ್ಲ. ನಮ್ಮಲ್ಲಿ ಒಂದು ಹೆಚ್ಚಿನ ತೊಡಕಿದೆ, ಸಭೆಯಲ್ಲಿ ಹೇಳಲು ಸಂಕೋಚಪಡಬಾರದು: ತೋಟದ ಕೆಲಸಕ್ಕೆ ಬರುವ ಹೆಂಗಸರು ಬೇಕೆಂದೇ ನೀರು ಕುಡಿಯುವುದಿಲ್ಲ, ಏಕೆಂದರೆ ಹೋಗಲು ಮರೆಯಾದ ಜಾಗವಿಲ್ಲ. ಬಾಟಲಿ ತುಂಬಿ ಕೊಟ್ಟರಷ್ಟೇ ಸಾಲದು, ಒಂದು ಶೌಚಾಲಯ ಕಟ್ಟಿಸಬೇಕು. ಮಾರ್ಚ್‌ನಿಂದ ಮೇವರೆಗೆ ಕೆಲಸ ಬೆಳಗ್ಗೆ ಆರಕ್ಕೆ ಆರಂಭಿಸಿ ಹನ್ನೊಂದಕ್ಕೆ ನಿಲ್ಲಿಸಿ, ಸಂಜೆ ಇಳಿಬಿಸಿಲಿಗೆ ಮುಂದುವರಿಸಬಹುದು, ಕೂಲಿ ಕಡಿಯದೆ. ಈ ಕೊನೆಯ ಎರಡು ಪದಗಳಿಲ್ಲದಿದ್ದರೆ ಮೊದಲಿನದೆಲ್ಲ ಉಪದೇಶ. ಗರ್ಭಿಣಿಯರು, ರಕ್ತದೊತ್ತಡಕ್ಕೆ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಇನ್ನೂ ಹೆಚ್ಚು ಜಾಗ್ರತೆಯಿಂದಿರಬೇಕು.

ಸೊಳ್ಳೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಡೆಂಗೆಯ ಸುದ್ದಿ ನಿಮಗೆ ಸಾಕಷ್ಟು ಕೇಳಿ ಬೇಸರವಾಗಿದೆ. ಸೊಳ್ಳೆಯೊಳಗೆ ಹೊಕ್ಕ ಡೆಂಗೆ ವೈರಾಣು ಬಲಿತು ಇನ್ನೊಬ್ಬರಿಗೆ ಹರಡಲು 25 ಡಿಗ್ರಿಯಲ್ಲಿ ಸುಮಾರು 15 ದಿನ ಬೇಕು. 30 ಡಿಗ್ರಿಯಲ್ಲಿ ಆರೂವರೆ ದಿನ ಸಾಕು. ಸೊಳ್ಳೆಯ ಬಾಳೇ ಕೆಲವು ವಾರಗಳದ್ದು. ಹಿಂದೆ ವೈರಾಣು ಬಲಿಯುವ ಮುನ್ನ ಸಾಯುತ್ತಿದ್ದ ಸೊಳ್ಳೆ ಈಗ ಬಲಿತ ಮೇಲೂ ಕಚ್ಚಲು ಉಳಿಯುತ್ತದೆ. ತಂಪು ನಮಗೆ ಕೊಟ್ಟಿದ್ದ ರಕ್ಷಣೆ ಇದು, ಅದು ಕರಗುತ್ತಿದೆ. 2024ರ ಸೆಪ್ಟೆಂಬರಿನ ಹೊತ್ತಿಗೆ ರಾಜ್ಯದಲ್ಲಿ 25,000ಕ್ಕೂ ಹೆಚ್ಚು ಪ್ರಕರಣಗಳಾಗಿ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಚಿಪ್ಪು, ಔಷಧಿ ಹೊಡೆದು ಬಿಟ್ಟ ಡ್ರಮ್ಮು, ಇವೇ ನಮ್ಮ ಸೊಳ್ಳೆ ತೊಟ್ಟಿಲು. ಹಾಳೆಯನ್ನು ಕವುಚಿ ಹಾಕಿ. ಮಳೆಗಾಲದ ಗದ್ದೆ, ತೋಟದ ನೀರಿನಲ್ಲಿ ಬರುವುದು ಇಲಿಜ್ವರ; ಇಲಿ, ದನಗಳ ಮೂತ್ರ ಸೇರಿದ ನೀರು ಕಾಲಿನ ಬಿರುಕಿನಿಂದ ಒಳಹೋಗುತ್ತದೆ. 2018ರ ಪ್ರವಾಹದ ನಂತರ ಕೇರಳದಲ್ಲಿ ಅದು ದೊಡ್ಡದಾಗಿ ಹಬ್ಬಿತು. ಗಂಬೂಟು, ಗಾಯಕ್ಕೆ ಪಟ್ಟಿ, ಜ್ವರ ಬಂದರೆ ಕೆಸರಿನ ಕೆಲಸ ಮಾಡಿದ್ದೆನೆಂದು ಹೇಳುವುದು.

ಇಲ್ಲಿಗೊಂದು ಸೂಚನೆ. ಮಂಗನ ಕಾಯಿಲೆಯಿರಲಿ ಡೆಂಗೆಯಿರಲಿ, ಜ್ವರ ಮೈಕೈ ನೋವೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಪ್ಯಾರಾಸಿಟಮಾಲ್ ಹೊರತಾದ ಅನೇಕ ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. ಇದು ವೈದ್ಯರು ನನಗೆ ಒತ್ತಿ ಹೇಳಲು ಹೇಳಿದ ಮಾತು.

ವಿದ್ಯಾರ್ಥಿಗಳಿಗಾಗಿ ನನ್ನ ಶಾಸ್ತ್ರದಿಂದ ಒಂದು ವಿಷಯ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 1958ರಲ್ಲಿ ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇತ್ತು, 2024ರಲ್ಲಿ 420ನ್ನು ದಾಟಿದೆ. ಅದು 550ಕ್ಕೆ ಏರಿದರೆ ಏನಾದೀತೆಂದು ಬಯಲಿನಲ್ಲೇ ಭತ್ತ ಬೆಳೆದು ನೋಡಿದ್ದಾರೆ. ಕಾಳು ತುಂಬುತ್ತದೆ, ಆದರೆ ಅಕ್ಕಿಯಲ್ಲಿ ಪ್ರೋಟೀನ್ ಶೇ. 7-8, ಕಬ್ಬಿಣ ಶೇ. 5, ಸತು ಶೇ. 3ರಷ್ಟು ಕಡಿಮೆಯಾಗುತ್ತವೆ. ಮೂರು ಹೊತ್ತೂ ಅನ್ನ, ಗಂಜಿ, ದೋಸೆ ಎನ್ನುವ ನಮ್ಮಂತಹ ನಾಡಿಗೆ ಇದು ಸಣ್ಣ ವಿಷಯವಲ್ಲ. ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆಯಿದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಹಿತ್ತಿಲ ಬಸಳೆ, ಹರಿವೆ, ಒಂದೆಲಗ, ನುಗ್ಗೆಸೊಪ್ಪುಗಳನ್ನು ಬಿಟ್ಟು ಪೇಟೆಯ ಬಿಸ್ಕತ್ತಿಗೆ ಹೋದದ್ದಕ್ಕೆ ಹವಾಮಾನ ಕಾರಣವಲ್ಲ, ಅದು ನಮ್ಮದೇ ಆಯ್ಕೆ.

ಮನಸ್ಸಿನ ಮಾತು ಉಳಿಯಿತು. 2018ರ ಆಗಸ್ಟಿನ ನಂತರ ಕೊಡಗಿನಲ್ಲಿ, 2021ರ ಜುಲೈಯ ನಂತರ ಯಲ್ಲಾಪುರದ ಕಳಚೆಯಲ್ಲಿ, ಗುಡ್ಡ ಜಾರಿದ್ದನ್ನು ಕಂಡ ಮನೆಗಳಲ್ಲಿ ಜೋರು ಮಳೆಯ ರಾತ್ರಿ ಯಾರೂ ನಿದ್ರಿಸುವುದಿಲ್ಲ. ಹೆಂಚಿನ ಮೇಲಿನ ಮಳೆಯ ಸದ್ದು ಮಲೆನಾಡಿಗರಿಗೆ ಜೋಗುಳವಾಗಿತ್ತು. ನಿದ್ದೆಗೆಟ್ಟ ಮನುಷ್ಯನ ರಕ್ತದೊತ್ತಡ ಏರುತ್ತದೆ, ಕುಡಿತ ಹೆಚ್ಚುತ್ತದೆ, ಮರುದಿನ ಮರ ಹತ್ತಿದಾಗ ಕಾಲು ತಪ್ಪುತ್ತದೆ. ಪರಿಹಾರದ ಪಟ್ಟಿಯಲ್ಲಿ ಮನೆಗೆ ಇಷ್ಟು, ದನಕ್ಕೆ ಇಷ್ಟು ಎಂದು ಇರುತ್ತದೆ. ಈ ನಿದ್ದೆಗೆ ಯಾವ ಕಾಲಮ್ಮೂ ಇಲ್ಲ. ಮಳೆಗಾಲದ ಮೂರು ತಿಂಗಳು ಅಪಾಯದ ಇಳಿಜಾರಿನ ಮನೆಗಳವರು ರಾತ್ರಿ ತಂಗಲು ಶಾಲೆಯ ಒಂದು ಕೋಣೆಯನ್ನು ಮೊದಲೇ ಗೊತ್ತುಮಾಡಿಡುವುದು ಪಂಚಾಯತಿಗೆ ಅಸಾಧ್ಯವಲ್ಲ.

1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ನಿಂತಾಗ ಕಾಡು ನಮ್ಮ ನೀರು, ನಮ್ಮ ಗೊಬ್ಬರ ಎಂದು ವಾದಿಸಿದರು. ಆ ವಾದಕ್ಕೆ ಈಗ ಮೈಯನ್ನೂ ಸೇರಿಸಬೇಕಾಗಿದೆ. ಅಂಕಿಗಳಿಲ್ಲದೆ ವಾದ ನಿಲ್ಲುವುದಿಲ್ಲ. ಜಿಲ್ಲೆಯ ಅಂಕಿ ನಮ್ಮ ಕೇರಿಯ ಕಥೆ ಹೇಳುವುದಿಲ್ಲ. ಆದುದರಿಂದ ಊರಿಗೊಂದು ದಾಖಲೆ ಪುಸ್ತಕ ಇಡೋಣವೆಂದು ಕೇಳಿಕೊಳ್ಳುತ್ತೇನೆ. ಅಡಿಕೆ ಬೆಳೆಗಾರರಲ್ಲಿ ಅನೇಕರು ದಶಕಗಳಿಂದ ಮಳೆ ಅಳೆದು ಬರೆದಿಟ್ಟಿದ್ದಾರೆ, ಅದು ನಮ್ಮ ಹೆಮ್ಮೆ. ಅದೇ ಪುಸ್ತಕದಲ್ಲಿ ಇನ್ನು ನಾಲ್ಕು ಕಲಮು ಗೆರೆ ಎಳೆಯಿರಿ: ಒಣ ಮತ್ತು ಒದ್ದೆ ಉಷ್ಣಮಾಪಕದ ಮಧ್ಯಾಹ್ನದ ಅಂಕಿ, ಆ ವಾರ ಊರಿನಲ್ಲಿ ಎಷ್ಟು ಮಂದಿಗೆ ಜ್ವರ, ಅವರು ಹಿಂದಿನ ಹತ್ತು ದಿನ ಮಾಡಿದ ಕೆಲಸ ಯಾವುದು, ಮಂಗ ಸತ್ತದ್ದು ಕಂಡಿತೇ. ಹೆಸರು ಬರೆಯುವುದು ಬೇಡ, ಎಣಿಕೆ ಸಾಕು. ಉಷ್ಣಮಾಪಕದ ಕೆಲಸ ಪ್ರೌಢಶಾಲೆಯ ಮಕ್ಕಳದು. ಎರಡು ಉಷ್ಣಮಾಪಕ, ಒಂದು ತುಂಡು ಹತ್ತಿಯ ಬಟ್ಟೆ, ಒಂದು ಲೋಟ ನೀರು, ನೆರಳಿನಲ್ಲಿ ಗಾಳಿಯಾಡುವ ಜಾಗ, ಇಷ್ಟೇ. ಜ್ವರದ ಎಣಿಕೆಗೆ ಆಶಾ ಕಾರ್ಯಕರ್ತೆಯರ ಸಹಾಯ ಕೇಳೋಣ. ಅವರ ಮೇಲೆ ಈಗಾಗಲೇ ಇರುವ ಹೊರೆ ಗೊತ್ತಿದ್ದೇ ಕೇಳುತ್ತಿದ್ದೇನೆ, ಬರೆಯುವ ಕೆಲಸವನ್ನು ಊರಿನ ಯುವಕರು ವಹಿಸಿಕೊಳ್ಳಲಿ.

ಗೆರೆ ಎಳೆದ ಕೆಲವು ಪುಸ್ತಕಗಳನ್ನು ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇನೆ. ಊರಿಗೆ ಒಂದರಂತೆ ಒಯ್ಯಿರಿ. ಒಯ್ದವರು ಊರಿನ ಹೆಸರನ್ನು ಅಲ್ಲಿರುವ ಹಾಳೆಯಲ್ಲಿ ಬರೆಯಿರಿ. ಮುಂದಿನ ಬೇಸಿಗೆ ಮುಗಿದು ಮಳೆ ಹಿಡಿಯುವ ಮೊದಲು ಒಮ್ಮೆ ಕೂತು ಎಲ್ಲವನ್ನೂ ಒಟ್ಟಿಗಿಟ್ಟು ನೋಡೋಣ. ಈಗ ಪ್ರಶ್ನೆಗಳಿದ್ದರೆ ಕೇಳಬಹುದು. ಮೊದಲು ದರಕಿಗೆ ಹೋಗುವ ತಾಯಂದಿರು ಕೇಳಲಿ.